ಒಂಬತ್ತು ವರ್ಷ ಬದುಕಿದ ಹಡಗು

ನೋಡಿ, ಸಿರಿವಂತ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಹೊಲ, ಮನೆ, ಬಂಗಾರ ಬರುತ್ತವೆ. ನಾನು ಇವತ್ತು ಹೇಳುವ ಸಿರಿವಂತನ ಬಳಿ ಅವು ಯಾವುವೂ ಹೇಳಿಕೊಳ್ಳುವಷ್ಟಿಲ್ಲ. ಗದುಗಿನಲ್ಲಿ ಅವನದೊಂದು ಕನ್ನಡಕದ ಅಂಗಡಿ. ಹೆಸರು ನೀಲಕಂಠ, ವಯಸ್ಸು ನಲವತ್ತಾರು. ಅವನ ಸಿರಿಯೆಲ್ಲ ಒಂದು ಹಡಗು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗು. ಎಲ್ಲಿದೆ ಅದು? ಕಂಪ್ಯೂಟರಿನ ಆಟದಲ್ಲಿ.

ನಗಬೇಡಿ. ಅವನು ಮೊದಲು ಹೇಳಿದಾಗ ನಾನೂ ನಕ್ಕೆ. ಆಮೇಲೆ ಪೂರ್ತಿ ಕೇಳಿದೆ, ನಗು ನಿಂತಿತು.

ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಆಕಾಶದಲ್ಲಿ ಆಡುವ ಆಟವಂತೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರೊಡನೊಬ್ಬರು ಮಾತಾಡುತ್ತಾರೆ. ಸಾಮಾನು ಸಾಗಿಸುವ ಹಡಗುಗಳಿವೆ, ದಾರಿಯಲ್ಲಿ ದೋಚುವವರಿದ್ದಾರೆ. ಅಲ್ಲಿ ಒಂದು ನಿಯಮ: ಹಡಗು ಒಡೆದರೆ ಒಡೆಯಿತು. ಬೇರೊಂದು ಸಿಗುತ್ತದೆ, ಅದೇ ಮರಳಿ ಬರುವುದಿಲ್ಲ. ಬಹಳ ಜನರ ಹಡಗು ಎರಡು ಮೂರು ತಿಂಗಳು ಬಾಳಿದರೆ ಹೆಚ್ಚು. ನೀಲಕಂಠನದು ಒಂಬತ್ತು ವರ್ಷ ಬಾಳಿತು. ಅದಕ್ಕೆ ಬೆಳವ ಎಂದು ಹಕ್ಕಿಯ ಹೆಸರಿಟ್ಟಿದ್ದ. ಅದು ಎಂಥ ಹಡಗು ಗೊತ್ತೇ? ಕಾವಲು ಹಡಗು. ಸಣ್ಣವರು ಸಾಮಾನು ಹೊತ್ತು ಹೋಗುವಾಗ ಮುಂದೆ ನಿಂತು ಪೆಟ್ಟು ತಿನ್ನುವುದೇ ಅದರ ಕೆಲಸ.

ಮೊದಲ ಆರು ವರ್ಷ ಅದೇ ಕೆಲಸ ಮಾಡಿತು. ಜೊತೆಗೆ ರಿಹಾನಾ ಎಂಬ ಹೆಣ್ಣುಮಗಳು ಇರುತ್ತಿದ್ದಳು, ಬಾಗಲಕೋಟೆಯಲ್ಲಿ ನರ್ಸು. ಇಬ್ಬರೂ ಮುಖ ನೋಡಿದವರಲ್ಲ. ಅವಳು ಅಣ್ಣಾ ಎನ್ನುತ್ತಿದ್ದಳು, ಇವನು ತಂಗಿ ಎನ್ನುತ್ತಿದ್ದ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತರೆ ಕಾವಲಿಗೆ ಹೊರಟೇ ಬಿಡುತ್ತಿದ್ದರು. ಎಷ್ಟು ಸಲ ಬೆಳವ ಉರಿಯುತ್ತ ಬಂದರಿಗೆ ಬಂದಿತೋ ಲೆಕ್ಕವಿಲ್ಲ. ಇವನಿಗೆ ಅಂಜಿಕೆ ಎಂಬುದೇ ಇರಲಿಲ್ಲ.

ಒಂದು ದಿನ ಯಾರೋ ಕೇಳಿದರು, ಈ ಹಡಗಿಗೆ ಎಷ್ಟು ವರ್ಷವಾಯಿತು ಎಂದು. ಆರು ಎಂದ. ಅಷ್ಟೇ, ಮಾತು ಹಬ್ಬಿತು. ಆರು ವರ್ಷ ಒಡೆಯದ ಹಡಗಂತೆ ಎಂದು ಗುರುತಿಲ್ಲದವರೆಲ್ಲ ನೋಡಲು ಬಂದರು. ಅಲ್ಲಿಂದ ಅಂಜಿಕೆ ಶುರುವಾಯಿತು. ಮೊದಲು ಕೆಟ್ಟ ದಾರಿ ಬಿಟ್ಟ. ಆಮೇಲೆ ದೂರದ ದಾರಿ ಬಿಟ್ಟ. ಕೊನೆಗೆ ಬಂದರು ಬಿಟ್ಟು ಕದಲಲೇ ಇಲ್ಲ. ಭಾನುವಾರ ಆಟ ತೆರೆಯುವುದು, ಹಡಗಿನ ಸುತ್ತ ಒಂದು ಸುತ್ತು ಬಂದು ನೋಡುವುದು, ಮುಚ್ಚುವುದು. ಹೆಂಡತಿ ಸುನಂದಾ ಏನು ಮಾಡುತ್ತಿದ್ದೀರಿ ಎಂದರೆ, ನೋಡುತ್ತಿದ್ದೇನೆ ಎನ್ನುವುದು. ಹೀಗೆ ಮೂರು ವರ್ಷ. ಬೇರೆಯವರನ್ನು ಕಾಯಬೇಕಾದ ಹಡಗನ್ನು ಇವನು ಕಾಯುತ್ತ ಕೂತ. ತಿಳಿಯಿತೇ? ಕಾಯಬೇಕಾದದ್ದನ್ನು ಇವನು ಕಾಯುತ್ತ ಕೂತ.

ಒಂದು ಭಾನುವಾರ ರಿಹಾನಾ ಫೋನ್ ಮಾಡಿದಳು. ಹೊಸಬರು ಐದು ಜನ ದೋಚುವವರ ನಡುವೆ ಸಿಕ್ಕಿಕೊಂಡಿದ್ದಾರೆ, ಬೆಳವ ಹತ್ತು ನಿಮಿಷ ಅಡ್ಡ ನಿಂತರೆ ಐವರೂ ಪಾರಾಗುತ್ತಾರೆ ಎಂದಳು. ಆ ಐವರಲ್ಲಿ ಒಬ್ಬರು ಮುಂಡರಗಿಯ ನಿವೃತ್ತ ಪೋಸ್ಟ್‌ಮ್ಯಾನ್, ಗುರುಪಾದಪ್ಪ. ಹೆಂಡತಿ ತೀರಿಕೊಂಡ ಮೇಲೆ ಮಾತಿಗೆ ಜನ ಬೇಕೆಂದು ಆಟ ಕಲಿತವರು. ನಾಲ್ಕು ತಿಂಗಳು ಕೂತು ಒಂದು ಸಣ್ಣ ಹಡಗು ಕಟ್ಟಿಕೊಂಡಿದ್ದರು.

ನೀಲಕಂಠ ಏನೆಂದ ಗೊತ್ತೇ?

“ಕರೆಂಟ್ ಹೋಗೇತಿ ತಂಗಿ. ಬರಾಕ ಆಗೂದಿಲ್ಲ.”

ಕರೆಂಟ್ ಇತ್ತು. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಫೋನ್ ಇಟ್ಟು ಹೆಡ್‌ಫೋನ್ ಹಾಕಿಕೊಂಡ, ತನ್ನ ಮಾತು ಆಚೆ ಹೋಗದಂತೆ ಮಾಡಿ, ಅವರ ಮಾತು ಕೇಳುತ್ತ ಕೂತ. ರಿಹಾನಾ ತನ್ನ ಹಗುರ ಹಡಗನ್ನೇ ತೆಗೆದುಕೊಂಡು ಒಬ್ಬಳೇ ನುಗ್ಗಿದಳು. ನಾಲ್ವರು ಪಾರಾದರು. ಅವಳ ಹಡಗು ಒಡೆಯಿತು, ಗುರುಪಾದಪ್ಪನವರದೂ ಒಡೆಯಿತು. ಆ ಹಿರಿಯರು ಆಟದಿಂದ ಹೊರಗೆ ಹೋದರು, ಮತ್ತೆ ಬರಲಿಲ್ಲ. ಸಂಜೆ ರಿಹಾನಾಳ ಮೆಸೇಜು ಬಂತು, ಕರೆಂಟ್ ಬಂತೇನಣ್ಣಾ ಎಂದು.

ಹತ್ತು ದಿನದ ಮೇಲೆ ನನ್ನ ಕನ್ನಡಕ ಕೊಡಲು ನಮ್ಮ ಮಠಕ್ಕೆ ಬಂದ. ಕೊಟ್ಟ ಮೇಲೂ ಏಳಲಿಲ್ಲ. ಕೇಳಿದ:

“ಅಜ್ಜಾರ, ಆಟದಾಗ ಹೇಳಿದ ಸುಳ್ಳೂ ಸುಳ್ಳೇನ್ರಿ?”

“ಹೇಳಿದ ಬಾಯಿ ಯಾರದಪಾ?” ಎಂದೆ.

“ನಂದರಿ.”

“ಕೇಳಿದ ಕಿವಿ?”

ಆಗಲೇ ಅವನು ಎಲ್ಲವನ್ನೂ ಹೇಳಿದ್ದು. ನಾನು ಉಪದೇಶವೇನೂ ಮಾಡಲಿಲ್ಲ. ಹೋಗಿ ಆ ಹೆಣ್ಣುಮಗಳಿಗೆ ಹೇಳು ಎಂದೆ.

ಹೇಳಿದ. ಫೋನ್ ಮಾಡಿ, ಕರೆಂಟ್ ಇತ್ತು ಎಂದು ಹೇಳಿಯೇ ಬಿಟ್ಟ. ಅವಳು ಬಯ್ಯಲಿಲ್ಲ.

“ನನಗ ಅವತ್ತ ಗೊತ್ತಾಗಿತ್ತಣ್ಣಾ. ನಿಮ್ಮ ಫ್ಯಾನಿನ ಸಪ್ಪಳ ಫೋನಿನಾಗ ಕೇಳಸ್ತಿತ್ತು. ನನ್ನ ಹಡಗ ಹೋದದ್ದಕ್ಕ ನನಗ ಬ್ಯಾಸರಿಲ್ಲ. ಆ ಕಾಕಾರನ್ನ ಕರಕೊಂಡ ಬರ್ರಿ, ಅದು ನಿಮ್ಮ ಕೆಲಸ.”

ಇಲ್ಲಿ ನಾನು ನೀಲಕಂಠನನ್ನು ಮೆಚ್ಚುತ್ತೇನೆ. ಫೋನಿನಲ್ಲಿ ಮುಗಿಸಲಿಲ್ಲ. ಅಂಗಡಿಯ ಬಾಗಿಲು ಹಾಕಿ ಬಸ್ಸು ಹತ್ತಿ ಮುಂಡರಗಿಗೆ ಹೋದ. ಗುರುಪಾದಪ್ಪನವರ ಕಟ್ಟೆಯ ಮೇಲೆ ಕೂತು, ನನ್ನಿಂದಲೇ ನಿಮ್ಮ ಹಡಗು ಒಡೆದದ್ದು ಎಂದ. ಅವರಿಗೆ ಸಿಟ್ಟು ಬಂತು. ನಾಲ್ಕು ತಿಂಗಳು ಕಣ್ಣು ನೋಯಿಸಿಕೊಂಡು ಕಟ್ಟಿದ್ದೆ ಎಂದರು, ಮುಖ ತಿರುಗಿಸಿದರು. ಇವನು ಎದ್ದು ಹೋಗಲಿಲ್ಲ. ಚಹಾ ಬರುವವರೆಗೂ ಕೂತ, ಚಹಾ ಮುಗಿದ ಮೇಲೂ ಕೂತ. ಕೊನೆಗೆ ಅವರೇ, ಇನ್ನೊಂದು ಕಟ್ಟಲು ಎಷ್ಟು ದಿನ ಬೇಕಾಗುತ್ತದೆ ಎಂದು ಕೇಳಿದರು. ಇಬ್ಬರೂ ಕೂಡಿ ಮಾಡಿದರೆ ಒಂದು ತಿಂಗಳು ಎಂದ.

ಒಂದು ತಿಂಗಳಿಗೆ ಹಡಗು ಸಿದ್ಧವಾಯಿತು. ಬೆಳವ ಬಂದರಿನಿಂದ ಹೊರಗೆ ಬಂತು. ಮುಂದೆ ಬೆಳವ, ಹಿಂದೆ ಆ ಹಿರಿಯರ ಪುಟ್ಟ ಹಡಗು. ಭಾನುವಾರದ ಮೇಲೆ ಭಾನುವಾರ ಹೋಗಿ ಬಂದರು. ನಾಲ್ಕನೆಯ ಸಲ ದೋಚುವವರು ಮುತ್ತಿದರು. ಹನ್ನೆರಡು ಹಡಗು, ಎದುರಿಗೆ ಇವನೊಬ್ಬ. ತಿರುಗಿ ಓಡಲು ದಾರಿಯಿತ್ತು, ಓಡಲಿಲ್ಲ. ಅಡ್ಡ ನಿಂತ. ಒಂಬತ್ತು ವರ್ಷದ ಹಡಗು ಆರು ನಿಮಿಷದಲ್ಲಿ ಒಡೆಯಿತು.

ಅವನಿಗೆ ಸಂಕಟವಾಗಲಿಲ್ಲವೇ? ಆಯಿತು. ಪರದೆಯ ಮುಂದೆ ಅತ್ತುಬಿಟ್ಟೆ ಅಜ್ಜಾರ ಎಂದು ನನಗೆ ಹೇಳಿದ. ಅಳಬೇಕಾದದ್ದೇ. ಪ್ರೀತಿಯಿಂದ ಇಟ್ಟುಕೊಂಡದ್ದು ಹೋದರೆ ಅಳದವನು ದೊಡ್ಡ ವೈರಾಗಿ ಅಲ್ಲ, ಅವನು ಮೊದಲೇ ಪ್ರೀತಿಸಿರಲಿಲ್ಲ ಅಷ್ಟೇ. ಆದರೆ ಕಣ್ಣು ಒರೆಸಿಕೊಳ್ಳುವುದರೊಳಗೆ ಕಿವಿಯಲ್ಲಿ ಆ ಹಿರಿಯರ ಧ್ವನಿ ಬಂತು. ಬೆಳವ ಒಡೆದದ್ದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

“ನಾ ದಾಟಿದ್ನಿ ನೋಡಪಾ. ನೀ ಎಲ್ಲಿದ್ದಿ?”

“ಇಲ್ಲೇ ಅದೀನ್ರಿ ಕಾಕಾ,” ಎಂದ ನೀಲಕಂಠ.

ಅವನ ಕತೆ ಅಲ್ಲಿಗಾಯಿತು. ಈಗ ನಿಮ್ಮ ಕಡೆ ಬರುತ್ತೇನೆ.

ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ ಎಂದು ನಿರಾಳವಾಗಿ ಕೂತಿದ್ದೀರಿ. ಇಲ್ಲೇ ಇದ್ದಾರೆ ನೋಡಿ, ನಲವತ್ತು ವರ್ಷದಿಂದ ಓಣಿಯಲ್ಲಿ ಒಬ್ಬರ ಬಾಯಲ್ಲೂ ಕೆಟ್ಟವರಾಗದ ಹಿರಿಯರು. ಒಳ್ಳೆಯ ಹೆಸರು, ಒಂದು ಕಲೆಯಿಲ್ಲ. ಹೇಗೆ ಉಳಿಯಿತು ಅದು? ಪಕ್ಕದ ಮನೆಯಲ್ಲಿ ಸೊಸೆಯನ್ನು ಹೊಡೆಯುವ ಸಪ್ಪಳ ಕೇಳಿದಾಗ ಟಿವಿಯ ಸಪ್ಪಳ ಏರಿಸಿದಿರಿ. ತಮ್ಮಂದಿರಿಬ್ಬರು ಜಗಳವಾಡಿ ನ್ಯಾಯ ಕೇಳಲು ಬಂದಾಗ ಮೈಯಲ್ಲಿ ಆರಾಮವಿಲ್ಲ ಎಂದು ಮಲಗಿದಿರಿ. ತಾಯಂದಿರೆ, ನಿಮಗೂ ಹೇಳುತ್ತೇನೆ. ಹಾಡಲು ಬರುತ್ತದೆ, ಹೆರಿಗೆಯ ಮನೆಗೆ ಹೋಗಿ ಧೈರ್ಯ ಹೇಳಲು ಬರುತ್ತದೆ, ಆದರೆ ತಪ್ಪಿದರೆ ಜನ ಏನನ್ನುತ್ತಾರೋ ಎಂದು ಹೊಸಿಲು ದಾಟುವುದಿಲ್ಲ. ಒಳ್ಳೆಯ ಹೆಸರು ನಿಮಗೆ ಯಾತಕ್ಕೆ ಬಂತು? ನೀವು ಹೇಳಿದರೆ ನಾಲ್ಕು ಜನ ಕೇಳಲಿ ಎಂದು ಬಂತು. ಹೇಳದೇ ಇದ್ದರೆ ಅದು ಇದ್ದೇನು?

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಯಾರಿಗೆ ಸುಳ್ಳು ನೆವ ಹೇಳಿದ್ದೀರಿ, ಅವರ ಹೆಸರು ಈಗ ನಿಮ್ಮ ಮನಸ್ಸಿನಲ್ಲಿ ಬಂದಿದೆ. ಬಂದೇ ಬಂದಿರುತ್ತದೆ. ನಾಳೆ ಹೊತ್ತು ಏರುವ ಮೊದಲು ಅವರ ಮನೆಗೆ ಹೋಗಿ. ಅಂದು ಬರಬಹುದಿತ್ತು, ಅಂಜಿದೆ ಎಂದು ಹೇಳಿ. ಬೈದರೆ ಬೈಸಿಕೊಳ್ಳಿ, ಎದ್ದು ಬರಬೇಡಿ. ಆಮೇಲೆ ಪಕ್ಕದ ಮನೆಯ ಆ ಬಾಗಿಲು. ಮುಂದಿನ ಸಲ ಸಪ್ಪಳ ಕೇಳಿದ ಕೂಡಲೇ ಟಿವಿ ಆರಿಸಿ, ಚಪ್ಪಲಿ ಮೆಟ್ಟಿಕೊಳ್ಳಿ, ಹೋಗಿ ಆ ಬಾಗಿಲು ಬಡಿಯಿರಿ.