ಗುಡಿಗೆ ಅಂಟಿಸಿದ ಬಿಳಿ ಕಾಗದ

ಲೈಟ್ ಆರಿಸಬೇಡಿ, ಇರಲಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನನ್ನ ಚಿಕ್ಕಮ್ಮನ ಮಗ ಸಂದೇಶನಿಗೆ ಆದದ್ದು. ಲಂಡನ್ನಿನ ಇದೇ ಕ್ರೋಯ್ಡನ್‌ನಲ್ಲಿ, ಹೋದ ನವೆಂಬರಿನಲ್ಲಿ.

ಕೊನೆಯ ಟ್ರಾಮ್ ಇಳಿದು ನಡೆದು ಬರುತ್ತಿದ್ದ. ನಮ್ಮೂರಾದರೆ ದಾರಿಯಲ್ಲಿ ಒಂದು ಪಾಳುಬಾವಿಯಾದರೂ ಇರುತ್ತಿತ್ತು, ಹೆದರಲು ಒಂದು ನೆಪ. ಇಲ್ಲಿ ಎಂತ ಉಂಟು? ಆಫೀಸುಗಳ ಖಾಲಿ ಕಾರ್ ಪಾರ್ಕು. ಆದರೂ ಅವನಿಗೆ ತಲೆಯೆತ್ತಿ ನಡೆಯಲು ಆಗುತ್ತಿರಲಿಲ್ಲ... ನಾಚಿಕೆ.

ಆ ದಿನ ಬೆಳಿಗ್ಗೆ ಫೋನ್ ಮಾಡಿದ್ದು ನಾನೇ. ಕುಂದಾಪುರದಲ್ಲಿ ನಮ್ಮ ಗುಲಾಬಿ ದೊಡ್ಡಮ್ಮ ತೀರಿಕೊಂಡಿದ್ದರು. ಸಂದೇಶನನ್ನು ಎತ್ತಿ ಆಡಿಸಿ, ಕುಚ್ಚಲಕ್ಕಿ ಅನ್ನ ಉಣಿಸಿ ದೊಡ್ಡವನನ್ನಾಗಿ ಮಾಡಿದ್ದೇ ಅವರು.

"ಸೂತಕ ಮಾರಾಯ. ಕೆಲಸಕ್ಕೆ ಹೋಗಬೇಡ. ದೇವರನ್ನು ಮುಟ್ಟಬೇಡ" ಎಂದೆ.

"ಹೂಂ" ಎಂದ.

ಹೂಂ ಎಂದವನು ಮಾಡಿದ್ದು ಎರಡನ್ನೂ! ಟೂಟಿಂಗ್‌ನ ಹೋಟೆಲಿನಲ್ಲಿ ಅಂದು ಮುಖ್ಯ ಅಡುಗೆಯವನನ್ನು ಆರಿಸುವವರಿದ್ದರು. ಎಂಟು ವರ್ಷ ದೋಸೆ ಕಾವಲಿಯ ಎದುರು ಬೆಂದವನಿಗೆ ಆ ಕೆಲಸ ಬೇಕಿತ್ತು. ಧಣಿಗಳೂ ಉಡುಪಿಯವರೇ, ಸೂತಕದವನನ್ನು ಒಲೆಯ ಹತ್ತಿರ ಬಿಡುವವರಲ್ಲ. ಸುಮ್ಮನೆ ಬಾಯಿ ಮುಚ್ಚಿಕೊಂಡ.

ಇನ್ನು ದೇವರು. ಅವನು ಬಾಡಿಗೆಗಿದ್ದದ್ದು ಫುಮಿಕೊ ಎಂಬ ಜಪಾನಿ ಅಜ್ಜಿಯ ಮನೆಯಲ್ಲಿ. ಅಜ್ಜಿ ಮಂಡಿ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದರು. ಅವರದ್ದು ಶಿಂಟೊ ಧರ್ಮ. ಗೋಡೆಯ ಮೇಲೆ ಎತ್ತರದ ಹಲಗೆ, ಅದರ ಮೇಲೆ ಪುಟ್ಟ ಮರದ ಗುಡಿ. ಒಳಗೆ ಮೂರ್ತಿ ಇಲ್ಲ, ಒಂದು ದುಂಡು ಕನ್ನಡಿ ಅಷ್ಟೆ. ದಿನಾ ಬೆಳಿಗ್ಗೆ ಹೊಸ ನೀರು, ಚಿಟಿಕೆ ಉಪ್ಪು, ಒಂದಿಷ್ಟು ಬಿಳಿ ಅಕ್ಕಿ ಇಡಬೇಕು. ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಅದನ್ನು ಸಂದೇಶನಿಗೆ ವಹಿಸಿ ಹೋಗಿದ್ದರು. ಅಂದೂ ಮಾಡಿದ. ಜಪಾನಿನ ದೇವರಿಗೆ ನಮ್ಮ ಸೂತಕ ಎಂತ ಗೊತ್ತಾಗುತ್ತದೆ ಎಂದುಕೊಂಡ. ಆ ಕೆಲಸ ನನಗೇ ಸಿಗಲಿ ಎಂದು ಬೇಡಿಯೂ ಬೇಡಿದ.

ಸಿಕ್ಕಿತು. ಎಲ್ಲರೂ ಕೈ ಕುಲುಕಿದರು. ಅಲ್ಲಿ ದೊಡ್ಡಮ್ಮನ ಚಿತೆ ಉರಿಯುವಾಗ ಇವನು ಇಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದ.

ರಾತ್ರಿ ಬೀಗ ತೆಗೆದ. ಖಟಕ್... ಕತ್ತಲೆ. ಶೂ ಬಿಚ್ಚಲು ಬಗ್ಗಿದ.

ಸರ್ರ್... ಸರ್ರ್...

ಕಾಗದವನ್ನು ಅಂಗೈಯಿಂದ ಸವರಿದ ಹಾಗೆ. ಆಮೇಲೆ ಬೆರಳಿನಿಂದ ಮರಕ್ಕೆ ಒತ್ತಿದ ಸದ್ದು. ಟಕ್... ಟಕ್... ಟಕ್... ಟಕ್.

"ಫುಮಿಕೊ-ಸಾನ್?" ಪಿಸುಗುಟ್ಟಿದ.

ನಿಂತಿತು.

ಸ್ವಿಚ್ ಒತ್ತಿದ. ಮನೆಯಲ್ಲಿ ಯಾರೂ ಇಲ್ಲ. ಗುಡಿಯ ಬಾಗಿಲಿಗೆ ಮಾತ್ರ ಅಡ್ಡವಾಗಿ ಒಂದು ಬಿಳಿ ಕಾಗದ. ಬೆಳಿಗ್ಗೆ ಇಟ್ಟ ನೀರು, ಉಪ್ಪು, ಅಕ್ಕಿ... ಕೆಳಗೆ ಮೇಜಿನ ಮೇಲಿದ್ದವು.

ಇಡೀ ರಾತ್ರಿ ಮೆಟ್ಟಿಲ ಮೇಲೆ ಕೂತಿದ್ದು, ಬೆಳಗಾದದ್ದೇ ಆಸ್ಪತ್ರೆಗೆ ಓಡಿದ. ಅಜ್ಜಿಗೆ ಹೇಳಿದ. ಅವರು ಕೇಳಿದ್ದು ಇಷ್ಟೇ.

"ನಿಮ್ಮವರು ಯಾರು ಹೋದರು?"

"ಯಾರೂ..." ಎಂದ. "ದೊಡ್ಡಮ್ಮ."

"ಸಾವಾದರೆ ನಾವು ಗುಡಿಯ ಮುಖಕ್ಕೆ ಬಿಳಿ ಕಾಗದ ಅಂಟಿಸುತ್ತೇವೆ. ಐವತ್ತು ದಿನ ಪೂಜೆ ಇಲ್ಲ, ಬೇಡುವುದೂ ಇಲ್ಲ. ದುಃಖ ಮಾತ್ರ."

"ನೀವು ಯಾರನ್ನಾದರೂ ಕಳಿಸಿದಿರಾ?"

ಅಜ್ಜಿ ಮೆಲ್ಲಗೆ ಕೇಳಿದರು, "ಸಾವಿನ ವಿಷಯ ನೀನು ಯಾರಿಗೆ ಹೇಳಿದ್ದೆ?"

ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ಧಣಿಗಳಿಗೆ ಫೋನ್ ಮಾಡಿ ಒಪ್ಪಿಕೊಂಡ. ಅವರು ಬೈದಿದ್ದರೆ ಒಳ್ಳೆಯದಿತ್ತು. "ದೊಡ್ಡಮ್ಮ ಹೆತ್ತವರಿಗಿಂತ ಹೆಚ್ಚು ಅಂತಿದ್ದೆಯಲ್ಲ ಮಾರಾಯ" ಎಂದಷ್ಟೇ ಹೇಳಿ ಇಟ್ಟರು. ಕೆಲಸ ಬೇರೆಯವರ ಪಾಲಾಯಿತು. ಇವನು ಅದರ ಮಾತೇ ಎತ್ತಲಿಲ್ಲ. ನನ್ನ ಹತ್ತಿರ ಬಂದು, ದೊಡ್ಡಮ್ಮನ ಹೆಸರು ಹೇಳಿ, ಮಗುವಿನ ಹಾಗೆ ಅತ್ತ.

ಐವತ್ತನೇ ದಿನ ಫುಮಿಕೊ ಅಜ್ಜಿ ಕಾಗದ ಬಿಡಿಸುವಾಗ ನಾನೂ ಅಲ್ಲಿದ್ದೆ. ನಂಬುವುದಾದರೆ ನಂಬಿ, ಬಿಟ್ಟರೆ ಬಿಡಿ, ಈ ಉಗುರಿನಿಂದಲೇ ಕೆರೆದು ನೋಡಿದ್ದೇನೆ. ನಾಲ್ಕು ಮೂಲೆಗೂ ಅನ್ನದ ಅಗುಳು ಒತ್ತಿ ಅಂಟಿಸಿದ್ದರು. ನಮ್ಮೂರಿನ ಕೆಂಪು ಗೆರೆಯ, ದಪ್ಪ ಕುಚ್ಚಲಕ್ಕಿ. ಆ ಮನೆಯಲ್ಲಿ ಯಾರೂ ಯಾವತ್ತೂ ಕುಚ್ಚಲಕ್ಕಿ ಬೇಯಿಸಿದ್ದಿಲ್ಲ.