ಗಾಳಿಗೆ ದಾರಿ

ನಾನು ಸುಳ್ಳುಗಾರನೆಂದು ಚೀನಾದ ಝೆನ್‌ಜಿಯಾಂಗ್‌ ಊರಿನ ನಮ್ಮ ಓಣಿಗೆಲ್ಲ ಗೊತ್ತು. ಆದರೆ ಮೇಜಿನ ಮೇಲಿರುವ ಈ ವಿನೆಗರ್ ಬಾಟಲಿಯಾಣೆ, ಈಗ ಹೇಳುವುದರಲ್ಲಿ ಒಂದಕ್ಷರವೂ ನನ್ನದಲ್ಲ.

ನೂಡಲ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಲೋಹದ ಅಚ್ಚು ಕೊರೆಯುವ ಮುದುಕರು ತಾಂಗ್ ಮೇಸ್ತ್ರಿ. ಜೊತೆಗೆ, ಅವರು ಕೊರೆದ ಅಚ್ಚಿನಲ್ಲಿ ಪ್ರಯೋಗ ಮಾಡುವ ಸಂಶೋಧನಾ ವಿದ್ಯಾರ್ಥಿನಿ ಯುನ್‌ಶು. ಮೇಸ್ತ್ರಿಗಳೇ ಶುರುಮಾಡಿದರು.

"ಇವತ್ತೂ ಹರೀತಾ?"

"ಹರೀತು ಗುರುಗಳೇ. ಲೇಸರ್ ಹೊಡೆತಕ್ಕೆ ತಾಮ್ರದ ಹಾಳೆ ಅಚ್ಚಿನ ಗುಳಿಗೆ ಇಳೀಬೇಕು. ತಳ ಮುಟ್ಟೋ ಮೊದ್ಲೇ ಹರಿದುಹೋಗತ್ತೆ. ತಪ್ಪು ನನ್ನ ಲೇಸರ್‌ದೇ."

"ನಾಳೆ ಪರೀಕ್ಷಕರಿಗೂ ಹಿಂಗೇ ಹೇಳ್ತೀಯಾ?"

"ಹೂಂ."

"ಫೇಲ್ ಮಾಡ್ತಾರೆ."

"ಮಾಡ್ಲಿ."

ಮೇಸ್ತ್ರಿ ಕುದಿಯುವ ಹಂಡೆಯನ್ನೇ ನೋಡಿದರು. ಅದರಲ್ಲಿ ನೂಡಲ್ಸ್ ಮೇಲೆ ಪುಟ್ಟ ಮರದ ಮುಚ್ಚಳ ತೇಲುತ್ತಿತ್ತು.

"ಆ ಮುಚ್ಚಳ ಹಂಡೆಗಿಂತ ಯಾಕೆ ಚಿಕ್ಕದು?"

"ಪಕ್ಕದಿಂದ ಹಬೆ ಹೋಗ್ಲಿ ಅಂತ."

"ನನ್ನ ಗುಳಿಯೊಳಗೆ, ಹಾಳೆ ಕೆಳಗೆ ಸಿಕ್ಕಿಬಿದ್ದ ಗಾಳಿ ಎಲ್ಲಿಂದ ಹೋಗತ್ತೆ?"

ಯುನ್‌ಶು ಮುಚ್ಚಳದಿಂದ ಕಣ್ಣು ಕಿತ್ತು ನೆಲ ನೋಡಿದಳು.

"ನಿಂಗೆ ಗೊತ್ತಿತ್ತು."

"ತಿಂಗಳಾಯ್ತು. ತಳದಲ್ಲೊಂದು ತೂತು ಕೊರೆದಿದ್ರೆ ಸಾಕಿತ್ತು."

"ಯಾಕೆ ಕೊರೀಲಿಲ್ಲ, ಕತ್ತೆ?"

"ನಿಮ್ಮ ಕೈ ನಡುಗೋಕೆ ಮುಂಚೆ ಮಾಡಿದ ಕೊನೇ ಅಚ್ಚು ಅದು."

ಮೇಸ್ತ್ರಿ ಎರಡೂ ಕೈಗಳನ್ನು ಜೇಬಿಗೆ ಸೇರಿಸಿದರು.

"ಅಚ್ಚು ಇರೋದು ಕೆಲಸಕ್ಕೆ, ಊದುಬತ್ತಿ ಹಚ್ಚೋಕಲ್ಲ. ಹೋಗಿ ಕೊರಿ."

"ಊಟ?"

"ಎರಡು ಬಟ್ಟಲೂ ನಾನೇ ತಿಂತೀನಿ. ಕೇಳು, ತೂತು ಕೂದಲೆಳೆಯಷ್ಟೇ ಇರ್ಲಿ. ದೊಡ್ಡದಾದ್ರೆ ಹಾಳೆ ಅದರೊಳಗೂ ಇಳಿದು..."

ಯುನ್‌ಶು ಆಗಲೇ ರಸ್ತೆ ದಾಟುತ್ತಿದ್ದಳು.