ಬಲಗಡೆಯ ಪದಕಗಳು

“ಪದಕಗಳನ್ನ ಬಲಗಡೆ ಕೂರಿಸಿದ್ದೀಯಲ್ಲೇ. ನಿಂಗೆ ಎಡ ಯಾವುದು, ಬಲ ಯಾವುದು ಅಂತಾದರೂ ಗೊತ್ತಾ?”

ಕಾಜಾ ಹಾಕುವ ಅಕ್ಕ ನನ್ನ ಮಡಿಲಲ್ಲಿದ್ದ ಕೋಟು ನೋಡಿ ನಕ್ಕರು. ಬೆಳಿಗ್ಗೆಯಿಂದ ಮಳೆ, ಕರೆಂಟ್ ಇಲ್ಲ. ಸೇನೆಯವರ ಪರೇಡಿನ ಸಮವಸ್ತ್ರ ಹೊಲಿಯುವ ನಮ್ಮ ಅಂಗಡಿಯಲ್ಲಿ ಎಂಟೂ ಮಷೀನು ನಿಂತಿದ್ದವು. ನಾನು ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ. ಕೋಟಿಗೆ ಸಿಕ್ಕಿಸಿದ್ದ ಚೀಟಿಯಲ್ಲಿ ಬರೆದಂತೆ ಮಾಡಿದ್ದೆ.

“ಬಿಚ್ಚಬೇಡಮ್ಮ,” ಎಂದರು ಕತ್ತರಿ ತಾತ. ಐವತ್ತು ವರ್ಷ ಅದೇ ಮೇಜಿನ ಮೇಲೆ ಬಟ್ಟೆ ಕತ್ತರಿಸಿದವರು. ನಾವೆಲ್ಲ ಸ್ಟೂಲು ಎಳೆದುಕೊಂಡು ಅವರ ಸುತ್ತ ಕೂತೆವು.

“ಕತ್ತಿನ ಹುಕ್ಕು ಹಾಕಿರಬೇಕು, ಗುಂಡಿ ಮೇಲಿನ ಲಾಂಛನ ನೆಟ್ಟಗಿರಬೇಕು, ಬಿಳಿ ಗ್ಲೌಸಲ್ಲಿ ಒಂದು ಕಲೆ ಇರಬಾರದು... ಇವೆಲ್ಲ ನಿಮಗೆ ಗೊತ್ತು. ಪದಕದ ನಿಯಮ ಕೇಳಿ. ತಾನು ಗಳಿಸಿದ್ದು ಎಡಗಡೆ. ತೀರಿಹೋದ ರಕ್ತಸಂಬಂಧಿದು ಬಲಗಡೆ. ಬಲಗಡೆ ಪದಕ ಇದೆ ಅಂದ್ರೆ ಆ ಮನೇಲಿ ಒಬ್ಬರು ಕಮ್ಮಿ ಅಂತ.

“ಒಂಬತ್ತು ವರ್ಷದ ಹಿಂದೆ, ಇಂಥದೇ ಮಳೆ, ಇವತ್ತಿನ ಹಾಗೇ ಮರುದಿನ ಹುತಾತ್ಮರ ಸ್ಮರಣೆಯ ಪರೇಡು. ಅಣ್ಣತಮ್ಮ ಇಬ್ಬರಿದ್ದರು, ಇಬ್ಬರೂ ಒಂದೇ ತುಕಡಿ, ಇಬ್ಬರ ಅಳತೆನೂ ನನ್ನ ಹತ್ತಿರವೇ ಇತ್ತು. ಗಡಿಯಿಂದ ಒಬ್ಬನೇ ವಾಪಸ್ ಬಂದ ಅಂತ ಸುದ್ದಿ ಬಂದಿತ್ತು, ಯಾರು ಅಂತ ತಿಳಿದಿರಲಿಲ್ಲ. ಹತ್ತು ಗಂಟೆಗೆ ಅಣ್ಣ ಬಂದ. ‘ತಮ್ಮಂದು ಬಲಗಡೆ ಹೊಲಿದುಕೊಡಿ ಮಾಸ್ಟರೇ’ ಅಂದ. ಕನ್ನಡಿ ಮುಂದೆ ನಿಂತು ಆ ಪದಕಗಳನ್ನ ಸವರಿದ, ಮಲಗಿರೋ ಮಗು ತಲೆ ಸವರೋ ಹಾಗೆ... ನಾನು ಕಣ್ಣೊರೆಸಿಕೊಂಡೆ. ನಾಲ್ಕು ಗಂಟೆಗೆ ಮತ್ತೆ ಬಾಗಿಲು ತೆಗೀತು. ತಮ್ಮ ನಿಂತಿದ್ದ. ‘ಅಣ್ಣಂದು ಬಲಗಡೆ ಹೊಲಿದುಕೊಡಿ ಮಾಸ್ಟರೇ.’”

ತಾತ ಕನ್ನಡಕ ತೆಗೆದು ಒರೆಸಿಕೊಂಡರು.

“ಏನು ಹೇಳಲಿ? ‘ನಿಮ್ಮಣ್ಣ ಬೆಳಿಗ್ಗೆ ತಾನೇ ಬಂದಿದ್ದ’ ಅನ್ನಲಾ? ಇಬ್ಬರಲ್ಲಿ ಒಬ್ಬನಿಗೆ ತಾನು ಸತ್ತಿದ್ದೀನಿ ಅಂತ ಗೊತ್ತಿಲ್ಲ. ಒಡಹುಟ್ಟಿದವನನ್ನ ನೆನೆಯೋಕೆ ವರ್ಷಕ್ಕೊಂದು ಸಲ ಬರ್ತಾನೆ. ಗೊತ್ತಾದ ಮೇಲೆ ಅವನು ಎಲ್ಲಿಗೆ ಹೋಗಬೇಕು? ಸುಮ್ಮನೆ ಹೊಲಿದೆ. ಅಂದಿನಿಂದ ಅಣ್ಣನಿಗೆ ಹತ್ತು ಗಂಟೆ, ತಮ್ಮನಿಗೆ ನಾಲ್ಕು. ಪರೇಡಲ್ಲಿ ಒಬ್ಬನೇ ಕಾಣಿಸ್ತಾನಂತೆ, ನಾನು ಹೋಗಿ ನೋಡಿಲ್ಲ. ಎಂಥ ಮಳೆ ಬಂದರೂ ಯಾರ ಬೂಟು ಒದ್ದೆ, ಯಾರದು ಒಣಗಿದೆ ಅಂತ ಇವತ್ತಿನವರೆಗೂ ಕೆಳಗೆ ನೋಡಿಲ್ಲ. ನಿನ್ನ ಮಡಿಲಲ್ಲಿರೋದು ತಮ್ಮನ ಕೋಟು.”

“ಒಬ್ಬ ಗಿರಾಕಿ ದೆವ್ವ ಅನ್ನಿ,” ಎಂದರು ಅಕ್ಕ. “ಬದುಕಿರೋರಿಗಿಂತ ವಾಸಿ ಬಿಡಿ, ಹೇಳಿದ ಟೈಮಿಗೆ ಬರ್ತಾನೆ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

“ತಾತ... ಬೆಳಿಗ್ಗೆ ಹತ್ತಕ್ಕೆ ಒಬ್ಬರು ಬಂದಿದ್ದರು. ಕರೆಂಟ್ ಇಲ್ಲ, ಇಸ್ತ್ರಿ ಆಗಿಲ್ಲ, ನಾಲ್ಕು ಗಂಟೆಗೆ ಬನ್ನಿ ಅಂದುಬಿಟ್ಟೆ.”

ತಾತ ಗೋಡೆ ಗಡಿಯಾರ ನೋಡಿದರು. ನಾಲ್ಕಾಗಲು ಒಂದು ನಿಮಿಷವಿತ್ತು. ಎದ್ದು ಹೋಗಿ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದರು.

ಬಾಗಿಲ ಗಂಟೆ ಅಲುಗಿತು. ನಾನು ಕೆಳಗೆ ನೋಡಿಬಿಟ್ಟೆ. ಹೊಸ್ತಿಲಲ್ಲಿ ಎರಡು ಜೊತೆ ಬೂಟುಗಳಿದ್ದವು. ಒಂದು ಜೊತೆಯಿಂದ ಮಾತ್ರ ನೀರಿಳಿಯುತ್ತಿತ್ತು.